ಒಮ್ಮೆ ಕೆಟ್ಟು ನಿಂತ ರೋಪ್‌ವೇ: ಮತ್ತೆ ಹತ್ತಬಹುದಾ?

ನಾನು ಶಿವಮೊಗ್ಗದಲ್ಲಿ ಲಿಫ್ಟ್ ರಿಪೇರಿ ಮಾಡುವವನು. ಹಗ್ಗ, ಮೋಟಾರು, ಬ್ರೇಕು ಇರುವುದೆಲ್ಲ ಇವನಿಗೆ ಗೊತ್ತಿರಬೇಕು ಅಂತ ಬಳಗದವರ ಲೆಕ್ಕ. ಹಾಗಾಗಿ ಯಾರಾದರೂ ಟ್ರಿಪ್ ಹೊರಟರೆ ನನಗೊಂದು ಫೋನ್ ಬರುತ್ತದೆ. ಈಚೆಗೆ ಮಾಡಿದವಳು ಸಾಗರದ ಅಕ್ಕ. ಅಮೆರಿಕದಲ್ಲಿರುವ ಮಗಳ ಮನೆಗೆ ಹೊರಟಿದ್ದಳು. ಮಗಳು ಫ್ಲೋರಿಡಾದ ಡಿಸ್ನಿ ವರ್ಲ್ಡ್‌ಗೂ ಕರೆದುಕೊಂಡು ಹೋಗುತ್ತೇನೆ ಅಂದಿದ್ದಳಂತೆ. ಅಲ್ಲಿ ಸ್ಕೈಲೈನರ್ ಅಂತ ಒಂದು ಗೊಂಡೋಲ ಇದೆ. ಹಗ್ಗಕ್ಕೆ ನೇತಾಡುವ ಸಣ್ಣ ಸಣ್ಣ ಕ್ಯಾಬಿನ್‌ಗಳಲ್ಲಿ ಹೋಟೆಲಿನಿಂದ ಪಾರ್ಕಿಗೆ ಹೋಗಬಹುದು. "ಅದು ಒಂದ್ಸಲ ಕೆಟ್ಟು ಜನ ಮೇಲೇ ಸಿಕ್ಕಿಹಾಕಿಕೊಂಡಿದ್ರಂತೆ ಮಾರಾಯ. ಹತ್ತೋದಾ, ಬಿಡೋದಾ?" ಅಂತ ಅವಳ ಪ್ರಶ್ನೆ.

ಇಂಥ ಪ್ರಶ್ನೆಗೆ ಹೇಗೆ ಉತ್ತರ ಹುಡುಕಿಕೊಳ್ಳಬೇಕು ಅನ್ನುವುದನ್ನು ಅವಳಿಗೆ ಹೇಳಿದೆ. ಅದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಯಾಕೆ ನಿಂತಿತು, ಆಮೇಲೆ ಏನು ಮಾಡಿದರು?

ಲಿಫ್ಟ್ ನಿಂತಿದೆ ಅಂತ ಕರೆ ಬಂದರೆ ಹೆಚ್ಚಿನ ಸಲ ದೋಷ ಬಾಗಿಲಿನದ್ದು. ಬಾಗಿಲು ಜಾರುವ ಸಂದಿಯಲ್ಲಿ ಕಲ್ಲಿನ ಚೂರೋ, ಅಡಿಕೆ ಸಿಪ್ಪೆಯೋ ಸಿಕ್ಕಿರುತ್ತದೆ. ಬಾಗಿಲು ಪೂರ್ತಿ ಮುಚ್ಚಿಲ್ಲ, ಕಾಂಟ್ಯಾಕ್ಟ್ (ಬಾಗಿಲು ಮುಚ್ಚಿದೆ ಅಂತ ಯಂತ್ರಕ್ಕೆ ತಿಳಿಸುವ ಸ್ವಿಚ್) ಕೂಡಿಲ್ಲ, ಅದಕ್ಕೇ ಲಿಫ್ಟ್ ಹೊರಡಲಿಲ್ಲ. ಅಂದರೆ ಯಂತ್ರ ಸರಿಯಾಗೇ ಇದೆ, ಅಲ್ವಾ? ಹೆದರಬೇಕಾದದ್ದು ಇದರ ಮುಂದಿನ ಹಂತಕ್ಕೆ. "ಸದ್ಯಕ್ಕೆ ಒಂದು ಶಾರ್ಟ್ ಹಾಕಿ ಓಡಿಸ್ರೀ, ನಾಳೆ ನೋಡೋಣ" ಅನ್ನುವ ಮಾಲೀಕರಿದ್ದಾರೆ. ಕಾಂಟ್ಯಾಕ್ಟಿಗೆ ಒಂದು ತುಂಡು ವೈರ್ ಸುತ್ತಿದರೆ ಲಿಫ್ಟ್ ಓಡುತ್ತದೆ. ಬಾಗಿಲು ತೆರೆದಿದ್ದರೂ ಓಡುತ್ತದೆ! ದುರ್ಗಿಗುಡಿ ಕಡೆ ಒಂದು ಕಟ್ಟಡದಲ್ಲಿ ನಾನು ಹೋಗುವ ಮೊದಲೇ ಯಾರೋ ಹೀಗೆ ಮಾಡಿಟ್ಟಿದ್ದರು. ವೈರ್ ಕಿತ್ತು, ಮೇನ್ ಆಫ್ ಮಾಡಿ, ಬಾಗಿಲಿಗೆ ಚೀಟಿ ಅಂಟಿಸಿ ಬಂದೆ. ಮಾಲೀಕರಿಗೆ ಸಿಟ್ಟು ಬಂತು. ಬರಲಿ.

ರೋಪ್‌ವೇಯಲ್ಲೂ ಇದೇ ಆಗುತ್ತದೆ. ಇಟಲಿಯ ಮೊತ್ತರೋನೆ ಬೆಟ್ಟದಲ್ಲಿ 2021ರ ಮೇ 23ರಂದು ಆದದ್ದನ್ನು ನಾನು ನಮ್ಮ ಹುಡುಗರಿಗೆ ಮತ್ತೆ ಮತ್ತೆ ಹೇಳುತ್ತಿರುತ್ತೇನೆ. ಅಲ್ಲಿದ್ದದ್ದು ದೊಡ್ಡ ಕೇಬಲ್ ಕಾರು. ಭಾರ ಹೊರಲು ಒಂದು ದಪ್ಪ ಹಗ್ಗ, ಎಳೆಯಲು ಇನ್ನೊಂದು. ಮೇಲಿನ ನಿಲ್ದಾಣ ಹತ್ತಿರ ಬಂದಾಗ ಎಳೆಯುವ ಹಗ್ಗ ತುಂಡಾಯಿತು. ಅಂಥ ಹೊತ್ತಿಗಂತಲೇ ತುರ್ತು ಬ್ರೇಕ್ ಇರುತ್ತದೆ. ಅದು ದಪ್ಪ ಹಗ್ಗವನ್ನು ಕಚ್ಚಿ ಹಿಡಿಯಬೇಕಿತ್ತು. ಆದರೆ ಆ ಬ್ರೇಕ್ ಸುಮ್ಸುಮ್ನೆ ಹಿಡಿದುಕೊಂಡು ಕಾರನ್ನು ಪದೇ ಪದೇ ನಿಲ್ಲಿಸುತ್ತಿತ್ತು. ಅದಕ್ಕೆ ಕಚ್ಚದ ಹಾಗೆ ಕಬ್ಬಿಣದ ಕ್ಲ್ಯಾಂಪ್ ಸಿಕ್ಕಿಸಿ ಓಡಿಸುತ್ತಿದ್ದರು. ಕಾರು ಹಿಂದಕ್ಕೆ ಜಾರಿ ಬಿತ್ತು. ಒಳಗಿದ್ದ 15 ಜನರಲ್ಲಿ 14 ಜನ ಸತ್ತರು. ಉಳಿದದ್ದು ಒಂದು ಪುಟ್ಟ ಮಗು.

ಹಾಗಾಗಿ ಕೆಟ್ಟು ನಿಂತದ್ದನ್ನು ಕೇಳಿದ ಕೂಡಲೇ ಹೆದರಬೇಡಿ. ರಿಪೇರಿ ಮಾಡಿದರಾ, ಬರೀ ರೀಸೆಟ್ ಒತ್ತಿದರಾ ಅಂತ ಕೇಳಿ. ಪದೇ ಪದೇ ನಿಲ್ಲುತ್ತಿದ್ದದ್ದು ಯಾವ ರಿಪೇರಿಯೂ ಇಲ್ಲದೆ ನಿಲ್ಲುವುದನ್ನೇ ಬಿಟ್ಟಿದ್ದರೆ ನಾನಂತೂ ಹತ್ತಲ್ಲ.

ಸ್ಕೈಲೈನರ್‌ದು ಏನಾಗಿತ್ತು

ಸ್ಕೈಲೈನರ್ ಶುರುವಾದದ್ದು 2019ರ ಸೆಪ್ಟೆಂಬರ್ 29ಕ್ಕೆ. ಒಂದು ವಾರವೂ ತುಂಬಿರಲಿಲ್ಲ. ಅಕ್ಟೋಬರ್ 5ರ ರಾತ್ರಿ ಎಪ್ಕಾಟ್ ಪಾರ್ಕಿಗೆ ಹೋಗುವ ಲೈನ್ ನಿಂತುಹೋಯಿತು. ಕೆಲವರು ಮೂರು ಗಂಟೆಗೂ ಜಾಸ್ತಿ ಹೊತ್ತು ಮೇಲೇ ಇದ್ದರು. ಕೆಲವು ಕ್ಯಾಬಿನ್‌ಗಳಿಂದ ಅಗ್ನಿಶಾಮಕದವರು ಜನರನ್ನು ಇಳಿಸಿದರು. ಅದೇ ಲೈನಿನ ರಿವಿಯೆರಾ ನಿಲ್ದಾಣದಲ್ಲಿ ಕ್ಯಾಬಿನ್‌ಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದ ಫೋಟೋ ಆಗ ಎಲ್ಲ ಕಡೆ ಓಡಾಡಿತು.

ಆ ಫೋಟೋ ಅರ್ಥವಾಗಬೇಕಾದರೆ ಈ ಯಂತ್ರ ಹೇಗೆ ಓಡುತ್ತದೆ ಅಂತ ಸ್ವಲ್ಪ ತಿಳಿದಿರಬೇಕು. ಇದರಲ್ಲಿ ಹಗ್ಗ ಒಂದೇ. ಅದೇ ಭಾರ ಹೊರುತ್ತದೆ, ಅದೇ ಎಳೆಯುತ್ತದೆ. ಮೊತ್ತರೋನೆಯದಕ್ಕಿಂತ ಇದರ ಜಾತಿಯೇ ಬೇರೆ. ಹಗ್ಗ ನಿಲ್ಲದೆ ಸುತ್ತುತ್ತಿರುತ್ತದೆ, ಕ್ಯಾಬಿನ್ ಮೇಲಿನ ಗ್ರಿಪ್ ಅದನ್ನು ಕಚ್ಚಿಕೊಂಡು ಸಾಗುತ್ತದೆ. ನಿಲ್ದಾಣಕ್ಕೆ ಬಂದಾಗ ಗ್ರಿಪ್ ಬಿಟ್ಟುಕೊಳ್ಳುತ್ತದೆ. ಸಾಲು ಸಾಲು ಟೈರುಗಳು ಕ್ಯಾಬಿನ್ನನ್ನು ನಿಧಾನ ಮಾಡುತ್ತವೆ. ಜನ ಹತ್ತಿ ಇಳಿದ ಮೇಲೆ ಅವೇ ಟೈರುಗಳು ಹಗ್ಗದ ವೇಗಕ್ಕೆ ತಳ್ಳಿ ಮತ್ತೆ ಕಚ್ಚಿಸುತ್ತವೆ. ಅಂದರೆ ಈ ಯಂತ್ರದಲ್ಲಿ ತಂಟೆ ತಕರಾರು ಜಾಸ್ತಿ ಇರುವುದು ನಿಲ್ದಾಣದಲ್ಲೇ. ಎರಡು ಕ್ಯಾಬಿನ್‌ಗಳ ಅಂತರ ತಪ್ಪಿದರೆ, ಬಾಗಿಲು ಲಾಕ್ ಆಗದಿದ್ದರೆ, ಗ್ರಿಪ್ ಸರಿಯಾಗಿ ಕಚ್ಚದಿದ್ದರೆ ಸೆನ್ಸರ್ ಪೂರ್ತಿ ಲೈನನ್ನೇ ನಿಲ್ಲಿಸಬೇಕು. ಕಂಬಗಳ ಮೇಲೆ ಹಗ್ಗ ಚಕ್ರ ತಪ್ಪಿದರೂ ಅಷ್ಟೇ. ಕರೆಂಟ್ ಹೋದರೆ ಜನರನ್ನು ನಿಲ್ದಾಣಕ್ಕೆ ತಲುಪಿಸುವಷ್ಟು ನಿಧಾನವಾಗಿ ಓಡಿಸಲು ಬೇರೆ ಎಂಜಿನ್ ಇರುತ್ತದೆ. ಈಗಿನ ಲಿಫ್ಟ್‌ಗಳಲ್ಲಿ ಕರೆಂಟ್ ಹೋದಾಗ ಹತ್ತಿರದ ಮಹಡಿಗೆ ತಂದು ಬಿಡುವ ಬ್ಯಾಟರಿ ಇರುತ್ತದಲ್ಲ, ಅದೇ ಕೆಲಸ.

ಅವತ್ತು ನಿಂತ ಮೇಲೆ ಡಿಸ್ನಿಯವರು ಮಾರನೇ ದಿನವೇ ಓಡಿಸಲಿಲ್ಲ. ಅಕ್ಟೋಬರ್ 14ರವರೆಗೆ ಇಡೀ ಸ್ಕೈಲೈನರ್ ಬಂದ್. ಕೆಲಸದ ವಿಧಾನದಲ್ಲಿ, ಸಿಬ್ಬಂದಿ ತರಬೇತಿಯಲ್ಲಿ, ಪ್ರಯಾಣಿಕರಿಗೆ ವಿಷಯ ತಿಳಿಸುವ ರೀತಿಯಲ್ಲಿ ಬದಲಾವಣೆ ಮಾಡಿದ್ದೇವೆ ಅಂತ ಹೇಳಿ ಮತ್ತೆ ತೆರೆದರು. ಹೊಸದಾಗಿ ಶುರುವಾದ ಯಂತ್ರವನ್ನು ದಿನಗಟ್ಟಲೆ ಸುಮ್ಮನೆ ನಿಲ್ಲಿಸಿಟ್ಟದ್ದು ನನಗೆ ಒಳ್ಳೆಯ ಲಕ್ಷಣವಾಗಿ ಕಾಣುತ್ತದೆ. ಆಮೇಲೆ ವರ್ಷಗಟ್ಟಲೆ ಓಡಿದೆ. ಆದ್ದರಿಂದ ಅಕ್ಕನಿಗೆ ಯಂತ್ರದ ಮಟ್ಟಿಗೆ ಹತ್ತಬಹುದು ಅಂದೆ.

ನಮ್ಮ ಕಡೆಯವರು ಪಳನಿಗೆ ಹೋಗಿ "ರೋಪ್ ಕಾರ್ ಬಂದ್ ಇತ್ತು, ಮೆಟ್ಟಿಲು ಹತ್ತಿ ಸಾಕಾಯ್ತು" ಅಂತ ಗೊಣಗುತ್ತಾರೆ. ಅಲ್ಲಿ ನಿರ್ವಹಣೆಗೆ ಅಂತ ತಿಂಗಳಿಗೊಂದು ದಿನ, ವರ್ಷಕ್ಕೊಮ್ಮೆ ವಾರಗಟ್ಟಲೆ ನಿಲ್ಲಿಸುತ್ತಾರೆ. ಮೆಟ್ಟಿಲು ಹತ್ತಿದರೆ ಹತ್ತಲಿ ಬಿಡಿ. ವರ್ಷವಿಡೀ ಒಂದು ದಿನವೂ ಬಂದ್ ಆಗದ ರೋಪ್‌ವೇ ಇದ್ದರೆ ನನಗೆ ಅದರ ಮೇಲೆಯೇ ಅನುಮಾನ.

ಸಾಲಿನಲ್ಲಿ ನಿಂತಾಗ

ಕೆಟ್ಟದ್ದು ಇವತ್ತೇ ಆಗಿದ್ದು, ನೀವು ಅಲ್ಲೇ ನಿಂತಿದ್ದರೆ ಏನು ಮಾಡುವುದು? ಮೊದಲು ಆಪರೇಟರ್‌ನ ಮುಖ ನೋಡಿ. ಯಾಕೆ ನಿಂತಿತ್ತು ಅಂತ ಕೇಳಿ. "ಗಾಳಿ ಜಾಸ್ತಿ ಇತ್ತು", "ಒಂದು ಬಾಗಿಲು ಮುಚ್ಚಲಿಲ್ಲ", "ವೀಲ್‌ಚೇರ್ ಹತ್ತಿಸುತ್ತಿದ್ದೆವು" ಅಂತ ನೇರ ಉತ್ತರ ಬಂದರೆ ಸರಿ. "ಏನೂ ಇಲ್ಲ, ಹತ್ತಿ ಹತ್ತಿ" ಅಂದರೆ ಸ್ವಲ್ಪ ಪಕ್ಕಕ್ಕೆ ಸರಿದು ನಿಲ್ಲಿ. ತುಂಬಾ ಹೊತ್ತು ನಿಂತಿದ್ದ ಲೈನಿನಲ್ಲಿ ಮೊದಲು ಖಾಲಿ ಕ್ಯಾಬಿನ್‌ಗಳನ್ನು ಒಂದು ಸುತ್ತು ಓಡಿಸುತ್ತಾರಾ ನೋಡಿ. ಓಡಿಸಿದರೆ ಅವರಿಗೆ ಕೆಲಸ ಗೊತ್ತಿದೆ. ಬಾಗಿಲನ್ನು ಕೈಯಲ್ಲಿ ತಳ್ಳಿ ಮುಚ್ಚುತ್ತಿದ್ದರೆ, ಹಗ್ಗ ಕಟ್ಟಿದ್ದರೆ, ಬರೆದದ್ದಕ್ಕಿಂತ ಜಾಸ್ತಿ ಜನ ತುಂಬುತ್ತಿದ್ದರೆ ಟಿಕೆಟ್ ದುಡ್ಡು ಹೋದರೆ ಹೋಗಲಿ, ವಾಪಸ್ ಬನ್ನಿ.

ಕೆಳಗೆ ಏನಿದೆ ಅಂತಲೂ ನೋಡಬೇಕು. ಇದನ್ನು ಯಾರೂ ಯೋಚಿಸುವುದಿಲ್ಲ. ಡಿಸ್ನಿಯಲ್ಲಿ ಲೈನಿನ ಕೆಳಗೆ ಹೆಚ್ಚಿನ ಕಡೆ ಸಮತಟ್ಟು ನೆಲ, ರಸ್ತೆ. ಏಣಿ ಇರುವ ಗಾಡಿ ಬಂದು ನಿಲ್ಲಬಹುದು. ಜಾರ್ಖಂಡ್‌ನ ತ್ರಿಕೂಟ ಬೆಟ್ಟದಲ್ಲಿ ಹಾಗಿರಲಿಲ್ಲ. 2022ರ ಏಪ್ರಿಲ್ 10ರಂದು ಅಲ್ಲಿನ ರೋಪ್‌ವೇ ಕೆಟ್ಟಾಗ ಜನ ಕಣಿವೆಯ ಮೇಲೆ ನೇತಾಡಿದರು. ವಾಯುಪಡೆಯ ಹೆಲಿಕಾಪ್ಟರ್ ಬಂದು ಎಲ್ಲರನ್ನೂ ಇಳಿಸಿ ಮುಗಿಸಲು ಏಪ್ರಿಲ್ 12 ಆಯಿತು. ಸತ್ತ ಮೂವರಲ್ಲಿ ಇಬ್ಬರು ಸತ್ತದ್ದು ಅವರನ್ನು ಇಳಿಸುವಾಗಲೇ.

ಕೊಡಚಾದ್ರಿಗೆ ರೋಪ್‌ವೇ ಬರುತ್ತದಂತೆ ಅನ್ನುವ ಮಾತು ನಮ್ಮಲ್ಲಿ ಆಗಾಗ ಏಳುತ್ತದೆ. ಕಾಡಿನ ವಿಷಯ ಬೇರೆಯವರು ಮಾತಾಡಲಿ. ನನಗೆ ಬರುವ ಪ್ರಶ್ನೆ, ಜುಲೈ ತಿಂಗಳ ಮಂಜಿನಲ್ಲಿ ನಡು ದಾರಿಯಲ್ಲಿ ನಿಂತರೆ ಯಾರು, ಯಾವ ದಾರಿಯಲ್ಲಿ ಬಂದು ಇಳಿಸುತ್ತಾರೆ? ಇನ್ನೊಂದು, ನಮ್ಮ ಮಳೆ. ಉಕ್ಕಿನ ಹಗ್ಗ ಹೊರಗೆ ಫಳಫಳ ಅಂತಿದ್ದರೂ ಒಳಗಿನಿಂದ ತುಕ್ಕು ಹಿಡಿಯಬಹುದು. ಅದು ಕಣ್ಣಿಗೆ ಕಾಣುವುದಿಲ್ಲ. ಅಯಸ್ಕಾಂತದ ಯಂತ್ರ ಹಾಯಿಸಿ ನೋಡಬೇಕು. ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಆಗುಂಬೆಯ ಸೀಮೆಯಲ್ಲಿ ಇದನ್ನು ತಪ್ಪದೆ ಮಾಡುವವರು ಬೇಕು.

ನಿಮ್ಮ ಮೈ ಏನನ್ನುತ್ತದೆ

ಹಾಗೆ ನೋಡಿದರೆ ಮಲೆನಾಡಿಗೆ ರೋಪ್‌ವೇ ಹೊಸದಲ್ಲ. ಕೆಮ್ಮಣ್ಣುಗುಂಡಿಯ ಅದಿರು ತಣಿಗೆಬೈಲಿಗೆ ಇಳಿಯುತ್ತಿದ್ದದ್ದು ಹಗ್ಗದ ಮೇಲೇ. ಅಲ್ಲಿಂದ ಮುಂದೆ ಭದ್ರಾವತಿ ಕಾರ್ಖಾನೆಗೆ. ಅದಿರಿನ ತೊಟ್ಟಿ ನಡು ದಾರಿಯಲ್ಲಿ ನಿಂತರೆ ಅದಿರಿಗೇನು ಅವಸರ? ಮನುಷ್ಯರಿಗೆ ಒಂದಕ್ಕೆ ಬರುತ್ತದೆ.

ನಗಬೇಡಿ, ಇದು ದೊಡ್ಡ ವಿಷಯ. ಬಿದ್ದು ಸಾಯುವುದು ಅಪರೂಪ. ಮೇಲೆ ಸಿಕ್ಕಿಹಾಕಿಕೊಳ್ಳುವುದು ಅಷ್ಟು ಅಪರೂಪವಲ್ಲ. ಆದ್ದರಿಂದ ನಿಮ್ಮನ್ನೇ ಕೇಳಿಕೊಳ್ಳಿ: ಇದು ಮೂರು ಗಂಟೆ ನಿಂತರೆ ನನ್ನ ಕೈಲಿ ಆಗುತ್ತದಾ? ಅಕ್ಕನಿಗೆ ಸಕ್ಕರೆ ಕಾಯಿಲೆ ಇದೆ, ಮಂಡಿ ನೋವೂ ಇದೆ. ಹೊತ್ತಿಗೆ ಸರಿಯಾಗಿ ತಿನ್ನಬೇಕು. ಸ್ಕೈಲೈನರ್ ಕ್ಯಾಬಿನ್‌ನಲ್ಲಿ ಎಸಿ ಇಲ್ಲ. ಓಡುವಾಗ ಗಾಳಿ ಆಡುತ್ತದೆ, ನಿಂತಾಗ ಸೆಖೆ. ಫ್ಲೋರಿಡಾದ ಸೆಖೆ ಮಂಗಳೂರಿನ ಮೇ ತಿಂಗಳ ಥರ. ಮುಚ್ಚಿದ ಜಾಗದಲ್ಲಿ ಉಸಿರು ಕಟ್ಟಿದ ಹಾಗೆ ಆಗುವವರು, ಸೊಂಟಕ್ಕೆ ಪಟ್ಟಿ ಕಟ್ಟಿ ಹಗ್ಗದಲ್ಲಿ ಇಳಿಸಿದರೆ ತಡೆಯಲಾರದವರು ಬಸ್ ಹಿಡಿಯುವುದೇ ಲೇಸು. ಡಿಸ್ನಿಯಲ್ಲಿ ಬಸ್ಸೂ ಇದೆ, ನಿಮ್ಮ ಹೋಟೆಲಿನಿಂದ ನೀವು ಹೋಗುವ ಪಾರ್ಕಿಗೆ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ. ಬಸ್ ಹತ್ತಿದರೆ ಮರ್ಯಾದೆ ಏನೂ ಹೋಗುವುದಿಲ್ಲ.

ಹವಾಮಾನ ನೋಡುವುದು ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಫ್ಲೋರಿಡಾದಲ್ಲಿ ಬೇಸಿಗೆಯ ಮಧ್ಯಾಹ್ನ ಗುಡುಗು ಮಳೆ ಬರುತ್ತದೆ, ನಮ್ಮ ಏಪ್ರಿಲ್ ಸಂಜೆಯ ಹಾಗೆ. ಸಿಡಿಲಿನ ಸೂಚನೆ ಇದ್ದರೆ ಸ್ಕೈಲೈನರ್ ನಿಲ್ಲಿಸುತ್ತಾರೆ. ಗಾಳಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2017ರ ಜೂನ್ 25ರಂದು ಗುಲ್ಮಾರ್ಗ್‌ನಲ್ಲಿ ಬಿರುಗಾಳಿಗೆ ಮರ ಉರುಳಿ ಗೊಂಡೋಲದ ಹಗ್ಗದ ಮೇಲೆ ಬಿತ್ತು, ಏಳು ಜನ ಸತ್ತರು. ಅಕ್ಕ ಕೊನೆಗೆ ಮಾಡಿದ್ದು ಇಷ್ಟು: ಬೆಳಿಗ್ಗೆ ತಂಪು ಹೊತ್ತಿನಲ್ಲಿ ಗೊಂಡೋಲ, ಸಂಜೆ ವಾಪಸ್ ಬರುವಾಗ ಬಸ್. ಚೀಲದಲ್ಲಿ ಮಾತ್ರೆ, ನೀರು, ಒಂದಿಷ್ಟು ಕೋಡುಬಳೆ. ಹತ್ತುವ ಮೊದಲು ಶೌಚಾಲಯ.

ಹತ್ತಿದ ಮೇಲೆ ನಿಂತರೆ

ಕ್ಯಾಬಿನ್ ನಂಬರ್ ನೋಡಿಕೊಳ್ಳಿ, ಫೋನ್ ಮಾಡಿದಾಗ ಅದೇ ಬೇಕು. ಫೋನಿನ ಚಾರ್ಜ್ ಉಳಿಸಿ, ವಿಡಿಯೋ ಆಮೇಲೆ. ಸ್ಕೈಲೈನರ್‌ನಲ್ಲಿ ತುರ್ತು ಸಾಮಾನಿನ ಪೆಟ್ಟಿಗೆ ಇರುತ್ತದೆ, ಬೇಕಾದರೆ ಬಳಸಿ. ಕ್ಯಾಬಿನ್ ತೂಗಾಡಿಸಬೇಡಿ. ಬಾಗಿಲಿಗೆ ಕೈ ಹಾಕಬೇಡಿ. ಹಿಮಾಚಲದ ಪರ್ವಾಣೂದಲ್ಲಿ 1992ರಲ್ಲಿ ಕೇಬಲ್ ಕಾರು ಸಿಕ್ಕಿಕೊಂಡಾಗ ಸತ್ತವರು ಗಾಬರಿಯಲ್ಲಿ ಹೊರಗೆ ಹಾರಿದ ಒಬ್ಬರೇ. ಒಳಗೇ ಕೂತವರು ಬದುಕಿ ಬಂದರು. ಅದೇ ಜಾಗದಲ್ಲಿ 2022ರ ಜೂನ್‌ನಲ್ಲಿ ಮತ್ತೆ 11 ಜನ ಸಿಕ್ಕಿಕೊಂಡರು. ಎಲ್ಲರೂ ಕ್ಷೇಮವಾಗಿ ಇಳಿದರು.

ಜಾತ್ರೆಯ ತೊಟ್ಟಿಲು

ಡಿಸ್ನಿಗೆ ಎಷ್ಟು ಜನ ಹೋಗುತ್ತಾರೆ? ಸಾಗರದ ಮಾರಿಜಾತ್ರೆ ಮೂರು ವರ್ಷಕ್ಕೊಮ್ಮೆ ಬರುತ್ತದೆ, ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಅಲ್ಲಿ ದೊಡ್ಡ ತೊಟ್ಟಿಲು ನಿಂತು ಮತ್ತೆ ಶುರುವಾದರೆ ಇದೇ ಪ್ರಶ್ನೆಗಳನ್ನು ಕೇಳಿ, ಇನ್ನೂ ಜೋರಾಗಿ. ಅಲ್ಲಿ ಸೆನ್ಸರ್ ಇರುವುದಿಲ್ಲ. ಇರುವುದು ಆಪರೇಟರ್‌ನ ಕಣ್ಣು, ಕೈ. ಜನರೇಟರ್ ಆಫ್ ಆಗಿ ನಿಂತಿದ್ದರೆ ಅಡ್ಡಿಯಿಲ್ಲ. ಯಾರೋ ಸುತ್ತಿಗೆ ಹಿಡಿದು ಮೇಲೆ ಹತ್ತಿ ಪಿನ್ ಬಡಿದು ಇಳಿದಿದ್ದರೆ ಅವತ್ತಿಗೆ ಆ ತೊಟ್ಟಿಲು ಬೇಡ. ತೊಟ್ಟಿಲಿನ ಕಾಲಿನ ಕೆಳಗೆ ಇಟ್ಟ ಮರದ ದಿಮ್ಮಿ ಮಳೆ ನೀರಿಗೆ ಕುಸಿದಿದೆಯಾ ಅಂತ ಒಂದು ಸಲ ಬಗ್ಗಿ ನೋಡಿ. ಮಕ್ಕಳು ಹಠ ಮಾಡಿದರೆ ಮಿರ್ಚಿ ಮಂಡಕ್ಕಿ ಕೊಡಿಸಿ ಅಲ್ಲಿಂದ ಕರೆದುಕೊಂಡು ಬನ್ನಿ.