ಮೂರು ಮಕ್ಕಳು, ಒಂದೇ ಜಗಲಿ: ಮನೆಪಾಠಕ್ಕೆ ನಾನು ಪಠ್ಯ ಆರಿಸಿಕೊಂಡದ್ದು ಹೀಗೆ

ನಮ್ಮದು ನಂಜನಗೂಡು. ಮೂವರು ಮಕ್ಕಳು. ದೊಡ್ಡವನಿಗೆ ಈಗ 9 ವರ್ಷ, ಮಗಳಿಗೆ 7, ಚಿಕ್ಕವನಿಗೆ 5. ಎರಡು ವರ್ಷದಿಂದ ಮೂವರೂ ಶಾಲೆಗೆ ಹೋಗದೆ ಮನೆಯಲ್ಲೇ ಕಲಿಯುತ್ತಿದ್ದಾರೆ. "ಯಾವ ಸಿಲಬಸ್ ತಗೊಂಡ್ರಿ?" ಅಂತ ತುಂಬಾ ಜನ ಕೇಳುತ್ತಾರೆ. ಒಂದೇ ಮಗು ಇರುವವರಿಗೆ ನನ್ನ ಉತ್ತರ ಅಷ್ಟು ಉಪಯೋಗಕ್ಕೆ ಬರಲಿಕ್ಕಿಲ್ಲ. ಎರಡು ಮೂರು ಚಿಕ್ಕ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಳ್ಳಬೇಕಾದವರಿಗೆ ಇದನ್ನು ಬರೆಯುತ್ತಿದ್ದೇನೆ.

ಮೊದಲ ವರ್ಷ ನಾನು ತಪ್ಪು ಕಡೆಯಿಂದ ಶುರು ಮಾಡಿದೆ. ಯಾವ ಮಗು ಯಾವ ಕ್ಲಾಸು ಅಂತ ನೋಡಿ, ದೊಡ್ಡವರಿಬ್ಬರಿಗೂ ಬೇರೆ ಬೇರೆ ಪೆಟ್ಟಿಗೆ ತರಿಸಿದೆ. ಹೊರದೇಶದ ಪಠ್ಯ. ಎರಡಕ್ಕೂ ಸೇರಿ 26,000 ರೂಪಾಯಿ. ಪುಸ್ತಕಗಳು ನೋಡಲು ತುಂಬಾ ಚೆನ್ನಾಗಿದ್ದವು. ಆದರೆ ಮಗನಿಗೆ ದಿನಕ್ಕೆ ಐದು ಪಾಠ, ಮಗಳಿಗೆ ನಾಲ್ಕು. ಪಾಠಕ್ಕೆ 20 ನಿಮಿಷ ಅಂದರೂ ನಾನು ಮೂರು ಗಂಟೆ ಪಕ್ಕದಲ್ಲಿ ಕೂರಲೇಬೇಕು. ಒಬ್ಬರಿಗೆ ಹೇಳಿಕೊಡುವಾಗ ಇನ್ನೊಬ್ಬರು ಕಾಯಬೇಕು. ಮೂರು ವರ್ಷದ ಚಿಕ್ಕವನು ಆ ಹೊತ್ತಿನಲ್ಲಿ ಅಕ್ಕಿ ಡಬ್ಬ ಬೀಳಿಸಿರುತ್ತಾನೆ. ಲೆಕ್ಕದ ಪುಸ್ತಕದ ತುಂಬಾ ಆ ದೇಶದ ನಾಣ್ಯಗಳು. ಪರಿಸರದ ಪಾಠದಲ್ಲಿ ಹಿಮ ಬೀಳುವ ಕಾಲ, ಎಲೆ ಉದುರುವ ಕಾಲ. ಹೊರಗೆ ನೋಡಿದರೆ ಮುಂಗಾರು ಮಳೆ ಸುರಿಯುತ್ತಿತ್ತು. ಆಷಾಢ ಮುಗಿಯುವ ಹೊತ್ತಿಗೆ ಸಂಜೆಯಾದರೆ ನನಗೆ ಅಳು ಬರುತ್ತಿತ್ತು. ಮಕ್ಕಳೂ ಪುಸ್ತಕ ಕಂಡರೆ ಮುಖ ತಿರುಗಿಸುತ್ತಿದ್ದರು.

ದಾರಿ ತೋರಿಸಿದವರು ನಮ್ಮ ಬೀದಿಯಲ್ಲೇ ಇರುವ ನಿವೃತ್ತ ಶಿಕ್ಷಕಿ. ಎಚ್.ಡಿ. ಕೋಟೆ ಕಡೆಯ ಸರ್ಕಾರಿ ಶಾಲೆಗಳಲ್ಲಿ ಬಹಳ ವರ್ಷ ಪಾಠ ಮಾಡಿದವರು. ಒಂದು ದಿನ ನನ್ನ ಟೈಮ್‌ಟೇಬಲ್ ನೋಡಿ, "ಅಲ್ಲಮ್ಮಾ, ಒಂದೇ ಕೋಣೆಯಲ್ಲಿ ಮೂರು ಕ್ಲಾಸಿನ ಮಕ್ಕಳನ್ನ ಕೂರಿಸಿಕೊಂಡು ನಾವು ಪಾಠ ಮಾಡಿಲ್ವಾ? ನೀನ್ಯಾಕೆ ಮನೆಯೊಳಗೆ ಮೂರು ಶಾಲೆ ಕಟ್ಟುತ್ತಿದ್ದೀಯ?" ಅಂದರು. ಅವರು ಹೇಳಿದ್ದು ನಲಿ-ಕಲಿ ಬಗ್ಗೆ, ಸರ್ಕಾರಿ ಶಾಲೆಗಳಲ್ಲಿ ಚಿಕ್ಕ ಮಕ್ಕಳಿಗೆ ಚಟುವಟಿಕೆಗಳಿಂದ ಕಲಿಸುವ ವಿಧಾನ. ಅದು ಶುರುವಾದದ್ದು 1995ರಲ್ಲಿ ಅದೇ ಎಚ್.ಡಿ. ಕೋಟೆಯಲ್ಲಿ. ಆಂಧ್ರದ ರಿಷಿ ವ್ಯಾಲಿ ಶಾಲೆಯವರು ಹಳ್ಳಿ ಶಾಲೆಗಳನ್ನು ನಡೆಸುವ ರೀತಿ ನೋಡಿಕೊಂಡು ಬಂದು, ಯುನಿಸೆಫ್ ನೆರವಿನಲ್ಲಿ ನಮ್ಮ ಶಿಕ್ಷಕರೇ ಕಟ್ಟಿದ್ದು. ಒಂದರಿಂದ ಮೂರನೇ ತರಗತಿ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಕಲಿಕಾ ಏಣಿ ಅಂದರೆ ಗೋಡೆಗೆ ಹಾಕುವ ಪಟ್ಟಿ, ಅದರ ಮೆಟ್ಟಿಲುಗಳಿಗೆ ಚಟುವಟಿಕೆಯ ಕಾರ್ಡುಗಳಿರುತ್ತವೆ. ಪ್ರತಿ ಮಗುವೂ ಅದರಲ್ಲಿ ತಾನು ನಿಂತ ಮೆಟ್ಟಿಲಿನಿಂದ ಮುಂದೆ ಹೋಗುತ್ತದೆ. ಗುಂಪುಗಳಿಗೆ 'ತಟ್ಟೆ' ಅನ್ನುತ್ತಾರೆ. ಟೀಚರ್ ಪೂರ್ತಿ ಜೊತೆಗಿರಬೇಕಾದ ಮಕ್ಕಳು ಒಂದು ತಟ್ಟೆ, ಜೊತೆಯ ಮಕ್ಕಳ ಸಹಾಯ ಸಾಕು ಅನ್ನುವವರು ಇನ್ನೊಂದು, ತಾವೇ ಮಾಡಿಕೊಳ್ಳುವವರು ಮತ್ತೊಂದು. ನನಗೆ ಬೇಕಿದ್ದದ್ದು ಇದೇ. ನಮ್ಮ ಜಿಲ್ಲೆಯಲ್ಲೇ ಇದ್ದ ವಿದ್ಯೆ ಬಿಟ್ಟು ನಾನು ಹಡಗಿನಲ್ಲಿ ಪೆಟ್ಟಿಗೆ ತರಿಸಿದ್ದೆ.

ಆಮೇಲೆ ವಿಷಯಗಳನ್ನು ಎರಡು ಪಾಲು ಮಾಡಿದೆ. ಓದು-ಬರಹ ಮತ್ತು ಲೆಕ್ಕ ಮೆಟ್ಟಿಲು ಮೆಟ್ಟಿಲಾಗಿಯೇ ಬರಬೇಕು. ಅಲ್ಲಿ ಮೂವರಿಗೂ ಅವರವರ ಜಾಗ. ಉಳಿದದ್ದೆಲ್ಲ, ಅಂದರೆ ಪರಿಸರ, ಊರು, ಇತಿಹಾಸ, ಕತೆ, ಚಿತ್ರ, ಹಾಡು, ಮೂವರಿಗೂ ಒಂದೇ. ಹೀಗೆ ನೋಡಿದ ಮೇಲೆ ಕೊಳ್ಳಬೇಕಾದದ್ದು ಬಹಳ ಕಡಿಮೆಯಾಯಿತು.

ಓದಿಗೆ ನಲಿ-ಕಲಿ ಅಕ್ಷರ ಕ್ರಮವನ್ನೇ ಹಿಡಿದೆ. ಅದರಲ್ಲಿ ಅ ಆ ಇ ಈ ಅಂತ ಶುರುವಾಗುವುದಿಲ್ಲ. ರ, ಗ, ಸ, ದ, ಅ. ಈ ಐದೇ ಅಕ್ಷರಕ್ಕೆ ಸರ, ದರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಮುಂದಿನ ಗುಂಪು ಜ, ವ, ಮ, ಬ, ನ. ಆಗ ಮರ, ಜನ, ವನ, ಬಸವ. ಮಗಳು ಎರಡನೇ ವಾರದಲ್ಲೇ 'ಗರಗಸ' ಅಂತ ಓದಿ, ಪಕ್ಕದ ಬಡಗಿ ಅಂಗಡಿಗೆ ಓಡಿಹೋಗಿ ಗರಗಸ ತೋರಿಸಿ ಅಂತ ನಿಂತಳು. ವರ್ಣಮಾಲೆ ಪೂರ್ತಿ ಬಾಯಿಪಾಠವಾಗುವ ತನಕ ಒಂದು ಪದವೂ ಓದಿಸದೆ ಇಡುವುದು ನನಗೆ ಈಗ ಅನ್ಯಾಯ ಅನ್ನಿಸುತ್ತದೆ. ಓದಲು ಬಂದ ಮೇಲೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕತೆಗಳು ಬಿಟ್ಟಿಯಾಗಿ ಸಿಗುತ್ತವೆ, ಹಂತದ ಪ್ರಕಾರ ಜೋಡಿಸಿದ್ದಾರೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ದೊಡ್ಡವನು ಓದಿನಲ್ಲಿ ನಿಧಾನ. ಒತ್ತಕ್ಷರ ಬಂದರೆ ನಿಂತುಬಿಡುತ್ತಿದ್ದ. ಕ್ಲಾಸಿನ ಹೆಸರಿದ್ದ ಪುಸ್ತಕ ಕೈಯಲ್ಲಿದ್ದಾಗ ತಂಗಿಯ ಪುಸ್ತಕದ ಮೇಲಿನ ಅಂಕಿ ನೋಡಿ ಅವನು ಕುಗ್ಗಿ ಹೋಗುತ್ತಿದ್ದ. ಏಣಿ ಗೋಡೆಗೆ ಬಂದ ಮೇಲೆ ಕ್ಲಾಸಿನ ಮಾತೇ ಹೋಯಿತು. ಓದಿನಲ್ಲಿ ಅಣ್ಣ-ತಂಗಿ ಆರು ತಿಂಗಳು ಹೆಚ್ಚು ಕಡಿಮೆ ಒಂದೇ ಮೆಟ್ಟಿಲಲ್ಲಿದ್ದರು. ಲೆಕ್ಕದಲ್ಲಿ ಅವನು ಎಷ್ಟೋ ಮೇಲಿದ್ದ. ಮಕ್ಕಳು ಒಟ್ಟಿಗೆ ಕಲಿಯುವ ಮನೆಯಲ್ಲಿ ಪಠ್ಯದ ಮೇಲೆ ತರಗತಿಯ ಸಂಖ್ಯೆ ಕಾಣದಂತೆ ನೋಡಿಕೊಳ್ಳಿ. ರಟ್ಟು ಹಾಕಿ ಮುಚ್ಚಿದರೂ ಸರಿ.

ಲೆಕ್ಕಕ್ಕೆ ಕೇಂದ್ರದ ಎನ್‌ಸಿಇಆರ್‌ಟಿ ಪಠ್ಯಪುಸ್ತಕವನ್ನು ಇಂಟರ್ನೆಟ್‌ನಿಂದ ಇಳಿಸಿಕೊಂಡೆ. ರಾಜ್ಯದ ಪಠ್ಯಪುಸ್ತಕಗಳೂ ಹಾಗೇ ಪಿಡಿಎಫ್ ಸಿಗುತ್ತವೆ. ಒಮ್ಮೆ ಪ್ರಿಂಟ್ ಹಾಕಿಸಿ, ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಮೇಲೆ ಬೋರ್ಡ್ ಮಾರ್ಕರ್‌ನಲ್ಲಿ ಬರೆಸುತ್ತೇನೆ. ಒರೆಸಿದರೆ ಮುಂದಿನ ಮಗುವಿಗೆ ತಯಾರು. ಬರೆದು ಮುಗಿಸುವ ವರ್ಕ್‌ಬುಕ್ ಕೊಂಡರೆ ಮೂರು ಸಲ ದುಡ್ಡು. ಸಾಮಾನು ಅಂತ ನಾನು ಮಾಡಿದ್ದು ಹುಣಸೆ ಬೀಜ, ಪೊರಕೆ ಕಡ್ಡಿಯ ಹತ್ತರ ಕಟ್ಟುಗಳು, ಮತ್ತೆ ಅತ್ತೆಯವರ ಅಳಗುಳಿಮಣೆ. 14 ಗುಳಿ, ಗುಳಿಗೆ 5 ಬೀಜ. ಚಿಕ್ಕವನು ಎಣಿಸಿ ತುಂಬಿಸುತ್ತಾನೆ. ಮಗಳು ಐದೈದಾಗಿ ಕೂಡುತ್ತಾಳೆ. ದೊಡ್ಡವನು ಬೀಜ ಎಲ್ಲಿ ಮುಗಿಯುತ್ತದೆ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿ ಆಡುತ್ತಾನೆ.

ಎಲ್ಲರೂ ಸೇರಿ ಕಲಿಯುವ ಪಾಠಕ್ಕೆ ಕಳೆದ ಮಳೆಗಾಲ ಕಪಿಲೆಯನ್ನೇ, ಅಂದರೆ ಕಬಿನಿಯನ್ನೇ ಹಿಡಿದೆವು. ವಯನಾಡಿನಲ್ಲಿ ಹುಟ್ಟಿ, ಬೀಚನಹಳ್ಳಿಯ ಕಬಿನಿ ಅಣೆಕಟ್ಟು ದಾಟಿ, ನಮ್ಮೂರಿಗೆ ಬಂದು, ತಿ. ನರಸೀಪುರದಲ್ಲಿ ಕಾವೇರಿ ಸೇರುವ ನದಿ. ಜೂನ್‌ನಿಂದ ದಿನಾ ಪೇಪರಿನಲ್ಲಿ ಬರುವ ಜಲಾಶಯದ ಮಟ್ಟ ಬರೆದಿಟ್ಟೆವು. ಮಗಳು ಅಂಕಿ ಓದಿ ಹೇಳುವುದು, ದೊಡ್ಡವನು ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಡುವುದು, ಚಿಕ್ಕವನು ಅಷ್ಟೆತ್ತರಕ್ಕೆ ನೀಲಿ ಬಣ್ಣ ಬಳಿಯುವುದು. ಒಂದು ದಿನ ಮಗ ಕೇಳಿದ, "ಅಮ್ಮಾ, ಕೆಆರ್‌ಎಸ್ ತುಂಬಿದ್ರೆ 124.80 ಅಡಿ, ಕಬಿನಿ 2,284 ಅಡಿ. ಕಬಿನಿ ಅಷ್ಟೊಂದು ಎತ್ತರಾನಾ?" ನನಗೂ ತಕ್ಷಣ ಗೊತ್ತಾಗಲಿಲ್ಲ. ಹುಡುಕಿದೆವು. ಕಬಿನಿಯದು ಸಮುದ್ರ ಮಟ್ಟದಿಂದ ಅಳೆದ ಎತ್ತರ, ಕೆಆರ್‌ಎಸ್‌ನದು ಅಣೆಕಟ್ಟಿನದೇ ಅಳತೆ. ಅಳತೆ ಎಲ್ಲಿಂದ ಶುರು ಅಂತ ಮೊದಲು ಕೇಳಬೇಕು ಅನ್ನುವುದು ಅವನ ತಲೆಯಲ್ಲಿ ಗಟ್ಟಿಯಾಗಿ ಕೂತಿತು. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಮನೆಗೆ ಬರುವ 20 ಲೀಟರ್ ಕ್ಯಾನಿನ ಲೆಕ್ಕದಲ್ಲಿ ಅದನ್ನು ತಿಳಿದುಕೊಂಡರು. ನೀರು ಬಿಟ್ಟಾಗ ಹದಿನಾರು ಕಾಲು ಮಂಟಪ ಮುಳುಗಿದ್ದನ್ನು ದೂರದಿಂದ ನೋಡಿ ಬಂದೆವು. ಮೂರು ತಿಂಗಳು ಈ ಒಂದೇ ಪಾಠ ನಡೆಯಿತು, ಯಾರಿಗೂ ಬೇಜಾರಾಗಲಿಲ್ಲ.

ದಿನದ ವ್ಯವಸ್ಥೆ ಸರಳ. ತಿಂಡಿಯಾದ ಮೇಲೆ ಮೊದಲು ಚಿಕ್ಕವನಿಗೆ 15 ನಿಮಿಷ. ಅವನನ್ನು ಕೊನೆಗೆ ಇಟ್ಟರೆ ಯಾರಿಗೂ ಪಾಠ ಆಗುವುದಿಲ್ಲ. ಮೊದಲು ಹತ್ತಿರ ಕೂರಿಸಿಕೊಂಡರೆ ಆಮೇಲೆ ತನ್ನ ಪಾಡಿಗೆ ಆಡುತ್ತಾನೆ. ನಂತರ ದೊಡ್ಡವರಿಬ್ಬರಲ್ಲಿ ಒಬ್ಬರು ನನ್ನ ತಟ್ಟೆ, ಇನ್ನೊಬ್ಬರು ಸ್ವಂತ ತಟ್ಟೆ. ಹನ್ನೊಂದೂವರೆಗೆ ಮುಗಿಯುತ್ತದೆ. ಇಂಗ್ಲಿಷಿನಲ್ಲಿ ನಾವು ಹಿಂದಿದ್ದೇವೆ, ಈ ವರ್ಷ ಅದಕ್ಕೆ ಸಂಜೆ ಅರ್ಧ ಗಂಟೆ ತೆಗೆದಿಟ್ಟಿದ್ದೇನೆ.

ಕಾನೂನಿನ ಪ್ರಶ್ನೆ ಬಂದೇ ಬರುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆ 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಅನ್ನುತ್ತದೆ. ಸೇರಿಸದ ಪೋಷಕರಿಗೆ ಶಿಕ್ಷೆ ಅಂತ ಅದರಲ್ಲಿಲ್ಲ, ಮನೆಪಾಠಕ್ಕೆ ಹೆಸರೆತ್ತಿ ಒಪ್ಪಿಗೆಯೂ ಇಲ್ಲ. ಇದನ್ನು ತಿಳಿದೇ ಹೊರಡಬೇಕು. ಪರೀಕ್ಷೆಗೆ ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ ಇದೆ. ಅದರ ಮುಕ್ತ ಮೂಲ ಶಿಕ್ಷಣದಲ್ಲಿ ಎ ಹಂತ ಮೂರನೇ ತರಗತಿಗೆ ಸಮ, ಬಿ ಐದಕ್ಕೆ, ಸಿ ಎಂಟಕ್ಕೆ. ಹತ್ತನೆಯದಕ್ಕೆ 14 ವರ್ಷ ತುಂಬಿರಬೇಕು.

ದೊಡ್ಡವನಿಗೆ ಬಿ ಹಂತ ಕಟ್ಟಿಸಬೇಕೋ, ನೇರವಾಗಿ ಸಿ ತನಕ ಕಾಯಬೇಕೋ ಅಂತ ಮನೆಯವರ ಜೊತೆ ಮಾತು ನಡೆದಿದೆ. ಅವನಿಗೇ ಕೇಳಿದಾಗ, ಒತ್ತಕ್ಷರ ಮೆಟ್ಟಿಲು ಪೂರ್ತಿ ದಾಟಿದ ಮೇಲೆ ಹೇಳುತ್ತೇನೆ ಅಂದ. ಇನ್ನು ನಾಲ್ಕು ಕಾರ್ಡು ಉಳಿದಿದೆ.