ಖಾತೆ ಮಗನದು, ಬಾಡಿಗೆ ಅಪ್ಪನದು

ಮೊದಲ ದಿನವೇ ನಾನು ಪಾತ್ರ ತಪ್ಪಾಗಿ ಹಂಚಿದ್ದೆ.

ಇಂಗ್ಲೆಂಡಿನ ಎರಡನೇ ಹೆನ್ರಿಯ ಮೇಲೆ 1173ರಲ್ಲಿ ಅವನ ಹೆಂಡತಿ ಮಕ್ಕಳೇ ದಂಗೆ ಎದ್ದ ಕಥೆ. ನಮ್ಮ ಹವ್ಯಾಸಿ ತಂಡಕ್ಕೆ ಅಂತ ಒಂದು ಗಂಟೆಯ ನಾಟಕ ಬರೆದುಕೊಂಡು ಹೋಗಿದ್ದೆ. ಹನುಮಂತನಗರದಲ್ಲಿ ಒಬ್ಬರ ಮನೆ ತಾರಸಿ ಮೇಲೆ, ನೀರಿನ ಟ್ಯಾಂಕಿನ ಪಕ್ಕ ರಿಹರ್ಸಲ್. ಮಕ್ಕಳು ತಿರುಗಿಬಿದ್ದರು ಅಂದಮೇಲೆ ರಾಜ ಮುದುಕನೇ ಇರಬೇಕು ಅಂದುಕೊಂಡು, ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಹಿರಿಯರಿಗೆ ಹೆನ್ರಿ ಪಾತ್ರ ಕೊಟ್ಟೆ. ಬಿಳಿ ಗಡ್ಡ, ಗಡಸು ದನಿ. ಚೆನ್ನಾಗಿಯೇ ಓದಿದರು. ಆದರೆ ಜಗಳಕ್ಕೆ ಕಾವೇ ಏರಲಿಲ್ಲ. ಮಗನ ಪಾತ್ರದ ಹುಡುಗ ಕೊನೆಗೆ ಕೇಳಿಯೇಬಿಟ್ಟ: "ಸಾರ್, ಇನ್ನೆರಡು ವರ್ಷ ಕಾದ್ರೆ ಎಲ್ಲಾ ನಂದೇ ಅಲ್ವಾ? ನಾನ್ಯಾಕೆ ಓಡಿಹೋಗ್ಲಿ?"

ಮನೆಗೆ ಹೋಗಿ ವಯಸ್ಸಿನ ಲೆಕ್ಕ ಹಾಕಿದೆ. ಹೆನ್ರಿ ಹುಟ್ಟಿದ್ದು 1133ರ ಮಾರ್ಚಿನಲ್ಲಿ. ಮಗ ಓಡಿಹೋದದ್ದು 1173ರ ಮಾರ್ಚಿನಲ್ಲಿ. ಅಪ್ಪನಿಗೆ ಬರೀ 40! ಮಗನಿಗೆ 18. ಅಪ್ಪ ಗಟ್ಟಿಮುಟ್ಟಾಗಿದ್ದಾನೆ, ದಿನವಿಡೀ ಕುದುರೆ ಮೇಲಿರುತ್ತಾನೆ. ಮಗ ಕಾಯಬೇಕಾದದ್ದು ಎರಡು ವರ್ಷವಲ್ಲ, ಇಪ್ಪತ್ತೋ ಮೂವತ್ತೋ. ಮಾರನೇ ವಾರ ಹಿರಿಯರ ಕೈಕಾಲು ಹಿಡಿದು ಅವರನ್ನು ಫ್ರಾನ್ಸಿನ ರಾಜ ಲೂಯಿ ಮಾಡಿದೆ. ಹೆನ್ರಿ ಪಾತ್ರ ನಮ್ಮಲ್ಲೇ ಒಬ್ಬ ನಲವತ್ತರವನಿಗೆ ಹೋಯಿತು. ಅವತ್ತೇ ಜಗಳ ಹತ್ತಿಕೊಂಡಿತು.

ಇನ್ನೊಂದು ತೊಡಕಿತ್ತು. ಈ ಮಗನಿಗೂ ಹೆನ್ರಿ ಅಂತಲೇ ಹೆಸರು. ಅಪ್ಪ ಬದುಕಿರುವಾಗಲೇ, 1170ರಲ್ಲಿ, ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅವನಿಗೆ ಪಟ್ಟ ಕಟ್ಟಿಯಾಗಿತ್ತು. ಒಂದೇ ದೇಶಕ್ಕೆ ಇಬ್ಬರು ರಾಜರು. ಯಾಕೆ ಅಂದರೆ, ದೊಡ್ಡ ಹೆನ್ರಿಯ ತಾಯಿ ಮಟಿಲ್ಡಾಗೆ ಬರಬೇಕಿದ್ದ ಕಿರೀಟವನ್ನು ಅವಳ ಸೋದರತ್ತೆಯ ಮಗ ಸ್ಟೀಫನ್ ಹಾಕಿಕೊಂಡಿದ್ದ. ಆ ಜಗಳದ ನಡುವೆಯೇ ಹೆನ್ರಿ ಬೆಳೆದದ್ದು. ತನ್ನ ಮಕ್ಕಳ ಕಾಲಕ್ಕೆ ಅಂಥ ತಕರಾರೇ ಬೇಡ ಅಂತ ಮುಂಚೆಯೇ ಪಟ್ಟ ಕಟ್ಟಿಸಿದ. ಆದರೆ ಮಗನ ಕೈಗೆ ಒಂದು ಸೀಮೆಯನ್ನೂ ಬಿಟ್ಟುಕೊಡಲಿಲ್ಲ. ಖರ್ಚಿಗೂ ಅಪ್ಪನ ಮುಖ ನೋಡಬೇಕು.

ಇದನ್ನು ತಂಡಕ್ಕೆ ವಿವರಿಸಲು ಹೆಣಗಾಡುತ್ತಿದ್ದಾಗ ಆ ಹುಡುಗನೇ ಹೇಳಿದ: "ಅಂದ್ರೆ ಖಾತೆ ನನ್ನ ಹೆಸರಲ್ಲಿ, ಬಾಡಿಗೆ ಮಾತ್ರ ಅಪ್ಪನ ಅಕೌಂಟಿಗೆ." ಬೆಂಗಳೂರಿನವರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಾ? ಅಲ್ಲಿಂದ ಮುಂದೆ ನಾನು ನಾಟಕವನ್ನು ಪಾಲಿನ ಜಗಳ ಅಂತಲೇ ತಿದ್ದಿದೆ. ದ್ವೇಷ, ದ್ರೋಹ ಅಂತ ಬರೆದಿದ್ದ ಉದ್ದುದ್ದ ಮಾತುಗಳೆಲ್ಲ ಹೋದವು.

ಉಳಿದದ್ದು ಮೂರು ಕೋಟೆ. ಶಿನೋನ್, ಲೂದಾಂ, ಮೀರ್ಬೋ. ಆರು ವರ್ಷದ ಕೊನೇ ಮಗ ಜಾನನಿಗೆ ಹೆಣ್ಣು ಗೊತ್ತು ಮಾಡುವಾಗ, ಈ ಮೂರನ್ನು ಅವನಿಗೆ ಕೊಡುತ್ತೇನೆ ಅಂತ ಹೆನ್ರಿ ಬೀಗರ ಕಡೆಯವರಿಗೆ ಒಪ್ಪಿಕೊಂಡ. ಅವು ದೊಡ್ಡ ಮಗನ ಪಾಲಿನ ಸೀಮೆಯೊಳಗಿದ್ದವು. ಮಗ ಒಪ್ಪಲಿಲ್ಲ. ಅಪ್ಪ ಅವನನ್ನು ಜೊತೆಗೇ ಇಟ್ಟುಕೊಂಡು ತಿರುಗಿದ. ಒಂದು ರಾತ್ರಿ ಅದೇ ಶಿನೋನ್ ಕೋಟೆಯಿಂದ ಮಗ ತಪ್ಪಿಸಿಕೊಂಡು ಹೆಣ್ಣು ಕೊಟ್ಟ ಮಾವನ ಮನೆ ಸೇರಿದ. ಮಾವ ಯಾರು? ಲೂಯಿ. ತಾಯಿ ಎಲಿನೋರಳ ಮೊದಲ ಗಂಡನೂ ಅವನೇ! ಇಲ್ಲಿ ಜನ ನಕ್ಕೇ ನಗುತ್ತಾರೆ ಅಂತ ನಟರಿಗೆ ಎರಡು ಕ್ಷಣ ಸುಮ್ನೆ ನಿಲ್ಲಲು ಹೇಳಿದ್ದೆ.

ತಮ್ಮಂದಿರಾದ ರಿಚರ್ಡ್, ಜೆಫ್ರಿ ಕೂಡ ಅಣ್ಣನ ಹಿಂದೆ ಹೋದರು. ಎಲಿನೋರ್ ಗಂಡಸಿನ ವೇಷದಲ್ಲಿ ಹೊರಟು ದಾರಿಯಲ್ಲಿ ಸಿಕ್ಕಿಬಿದ್ದಳು. ಗಂಡ ಸಾಯುವವರೆಗೂ ಸೆರೆ. ನಮ್ಮ ನಟಿ ಸ್ಕೂಟರಿನಲ್ಲಿ ಬರುವಾಗ ಹಾಕುವ ಜರ್ಕಿನ್ನಿನಲ್ಲೇ ಆ ದೃಶ್ಯ ಮಾಡಿದರು.

ಕಿರೀಟದ್ದೇ ಒಂದು ಕಥೆ. ಡ್ರೆಸ್ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಸಿಕ್ಕಿದ್ದು ದುರ್ಯೋಧನನ ಕಿರೀಟ. ಹುಡುಗನ ತಲೆಗೆ ಜಾಸ್ತಿ ದೊಡ್ಡದು, ಹುಬ್ಬಿನ ಮೇಲೆ ಜಾರುತ್ತಿತ್ತು. ಒಳಗೆ ಸ್ಪಂಜು ಅಂಟಿಸೋಣ ಅಂದೆ. ಬೇಡ ಸಾರ್ ಅಂದ. ಇಡೀ ನಾಟಕ ಒಂದು ಕೈಯಲ್ಲಿ ಅದನ್ನು ಮೇಲಕ್ಕೆ ತಳ್ಳುತ್ತಲೇ ಮಾತಾಡಿದ. ನಾನು ಬರೆದದ್ದಕ್ಕಿಂತ ಅದೇ ಚೆನ್ನಾಗಿತ್ತು.

ಹಿಂದಿನ ಪರದೆಗೆ ಹಳೇ ಬೆಡ್‌ಶೀಟು. ಹೆನ್ರಿ ತನ್ನ ವಿಂಚೆಸ್ಟರ್ ಅರಮನೆಯಲ್ಲಿ ಒಂದು ಹದ್ದಿನ ಚಿತ್ರ ಬರೆಸಿದ್ದ ಅಂತ ಅವನ ಕಾಲದ ಬರಹಗಾರ ಜೆರಾಲ್ಡ್ ಬರೆದಿಟ್ಟಿದ್ದಾನೆ. ಮೂರು ಮರಿಗಳು ದೊಡ್ಡ ಹದ್ದನ್ನು ಕುಕ್ಕುತ್ತಿವೆ. ನಾಲ್ಕನೆಯದು ಕತ್ತಿನ ಮೇಲೆ ಕೂತು ಕಣ್ಣು ಕೀಳಲು ಹೊಂಚು ಹಾಕುತ್ತಿದೆ. ಎದುರು ಮನೆಯ ಹುಡುಗಿ ಅದನ್ನು ಬಿಡಿಸಿಕೊಟ್ಟಳು. ಹದ್ದು ಸ್ವಲ್ಪ ಕಾಗೆ ತರಹ ಬಂತು, ಇರಲಿ.

ಯುದ್ಧಕ್ಕೆ ಎರಡೇ ನಿಮಿಷ ಕೊಟ್ಟೆ. 1174ರ ಸೆಪ್ಟೆಂಬರಿಗೆ ಹೆನ್ರಿ ಗೆದ್ದ, ಮಕ್ಕಳನ್ನು ಕ್ಷಮಿಸಿದ.

"ನಮ್ಮ ರಾಜರ ಕಥೆ ಸಿಗಲಿಲ್ವಾ?" ಅಂತ ಒಬ್ಬರು ಕೇಳಿದ್ದರು. ನ್ಯಾಯವೇ. ಅದೇ 1173ರಲ್ಲಿ ಹೊಯ್ಸಳರ ವೀರ ಬಲ್ಲಾಳ ಅಪ್ಪ ನರಸಿಂಹನ ವಿರುದ್ಧ ನಿಂತು ಪಟ್ಟಕ್ಕೆ ಬಂದ. ಬೆಂದಕಾಳೂರಿನ ಕಥೆಯಲ್ಲಿ ಕಾಳು ತಿನ್ನುವ ಬಲ್ಲಾಳನೇ! ಬೇಗೂರಿನ ಶಾಸನದಲ್ಲಿ ಅವನಿಗಿಂತ ಎಷ್ಟೋ ಮೊದಲೇ ಬೆಂಗಳೂರಿನ ಹೆಸರಿದೆ, ಹಾಗಾಗಿ ಕಾಳಿನದ್ದು ಕಥೆ ಅಷ್ಟೇ. ಅಪ್ಪನ ಮೇಲೆ ತಿರುಗಿಬಿದ್ದದ್ದು ಮಾತ್ರ ಕಥೆಯಲ್ಲ. ಇದನ್ನೂ ಬರೆಯಬೇಕು ಅಂತಿದೆ.

ಕೊನೆಯ ದೃಶ್ಯ 1189ರದ್ದು. ದೊಡ್ಡ ಮಗ, ಜೆಫ್ರಿ ಇಬ್ಬರೂ ಅಷ್ಟರಲ್ಲಿ ತೀರಿಕೊಂಡಿದ್ದರು. ರಿಚರ್ಡ್ ಮತ್ತೆ ತಿರುಗಿಬಿದ್ದು ಅಪ್ಪನನ್ನು ಸೋಲಿಸಿದ್ದ. ಜ್ವರದಲ್ಲಿ ಮಲಗಿದ ಹೆನ್ರಿ ಎದುರಾಳಿಗಳ ಜೊತೆ ಸೇರಿದವರ ಪಟ್ಟಿ ಓದಿಸುತ್ತಾನೆ. ಅವನು ಸತ್ತದ್ದೂ ಶಿನೋನಿನಲ್ಲೇ. ಸೇವಕ ಕಾಗದ ಬಿಡಿಸಿ, ಮೊದಲ ಹೆಸರು ನೋಡಿ, ಸುಮ್ಮನಾಗುತ್ತಾನೆ. ಓದು ಅನ್ನುತ್ತಾನೆ ರಾಜ.

"ಜಾನ್."

ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿ ಜೋರಾಗಿಯೇ ಅಂದರು: "ಅಯ್ಯೋ, ಆ ಚಿಕ್ಕೋನೂನಾ?"