ಕ್ಷೇತ್ರದೊಂದಿಗೆ ವಾಹಕತೆ ಬದಲಾಗುವಾಗ ಲೆಕ್ಕ ಏಕೆ ನೆಲೆ ನಿಲ್ಲುವುದಿಲ್ಲ: ನನ್ನ ಅನುಭವ

ಡಿಸಿ ಹೈವೋಲ್ಟೇಜ್ ಕೇಬಲ್ಲಿನ ತುದಿಯಲ್ಲಿ, ಹೊರಗಿನ ಅರೆವಾಹಕ ಪದರ ಮುಗಿಯುವ ಅಂಚಿನ ಸುತ್ತ, ವಿದ್ಯುತ್ ಕ್ಷೇತ್ರ ವಿಪರೀತ ದಟ್ಟವಾಗುತ್ತದೆ. ಅದನ್ನು ಹರಡುವುದಕ್ಕಾಗಿ ಸಿಲಿಕಾನ್ ಕಾರ್ಬೈಡ್ ಅಥವಾ ಜಿಂಕ್ ಆಕ್ಸೈಡ್ ಪುಡಿ ಬೆರೆಸಿದ ರಬ್ಬರಿನ ಪದರವೊಂದನ್ನು ಅಲ್ಲಿ ಕೂರಿಸುತ್ತಾರೆ. ಕ್ಷೇತ್ರ ಏರಿದಲ್ಲಿ ಈ ಪದರದ ವಾಹಕತೆಯೂ ಏರುವುದರಿಂದ ಭಾರ ಪಕ್ಕಕ್ಕೆ ಹಂಚಿಹೋಗುತ್ತದೆ. ವಸ್ತುವನ್ನು ಸಣ್ಣ ಸಣ್ಣ ತುಂಡುಗಳಾಗಿ ವಿಂಗಡಿಸುವ ಫೈನೈಟ್ ಎಲಿಮೆಂಟ್ ವಿಧಾನದಲ್ಲಿ ನಾನು ಲೆಕ್ಕ ಹಾಕಿದ್ದು ಇಂಥ 320 ಕಿಲೋವೋಲ್ಟ್ ಟರ್ಮಿನೇಷನ್ (ಕೇಬಲ್ಲಿನ ತುದಿಯ ಜೋಡಣೆ) ಒಂದನ್ನು. ತಮಿಳುನಾಡಿನ ಪುಗಳೂರಿನಿಂದ ಕೇರಳದ ತ್ರಿಶೂರಿಗೆ ಹೋಗುವ ಡಿಸಿ ಮಾರ್ಗದ ವೋಲ್ಟೇಜ್ ಮಟ್ಟವೂ ಇದೇ. ಸ್ಥಿರ ಸ್ಥಿತಿಯಲ್ಲಿ ಇದರ ಸಮೀಕರಣ ಸ್ಥಾಯಿವಿದ್ಯುತ್ತಿನ ಸಮೀಕರಣದ ರೂಪದಲ್ಲೇ ಇರುತ್ತದೆ, ಪರ್ಮಿಟಿವಿಟಿಯ (ಕ್ಷೇತ್ರದಲ್ಲಿ ವಸ್ತು ಎಷ್ಟು ಧ್ರುವೀಕರಣಗೊಳ್ಳುತ್ತದೆಂಬ ಗುಣದ) ಜಾಗದಲ್ಲಿ ವಾಹಕತೆ ಬರುತ್ತದೆ, ಅಷ್ಟೆ.

ಮೊದಲಿಗೆ ಎಲ್ಲರೂ ಹಿಡಿಯುವ ಸರಳ ದಾರಿಯನ್ನೇ ಹಿಡಿದೆ: ಹಿಂದಿನ ಸುತ್ತಿನ ಕ್ಷೇತ್ರದಿಂದ ವಾಹಕತೆಯನ್ನು ಲೆಕ್ಕಹಾಕಿ, ಆ ವಾಹಕತೆಯಿಂದ ಹೊಸ ಕ್ಷೇತ್ರವನ್ನು ಪಡೆಯುವುದು. ಉತ್ತರ ಎರಡು ಬೆಲೆಗಳ ನಡುವೆ ಓಲಾಡತೊಡಗಿತು. ಕಾರಣ ತಿಳಿಯಲು ಇಡೀ ಮಾದರಿಯನ್ನು ಬದಿಗಿಟ್ಟು, ಒಂದರ ಮೇಲೊಂದಿರುವ ಸಮದಪ್ಪದ ಎರಡೇ ಪದರಗಳನ್ನು ಕಾಗದದ ಮೇಲೆ ಬಿಡಿಸಿದೆ. ಒಂದು ಪದರದ ವಾಹಕತೆ ಕ್ಷೇತ್ರದ 5ನೆಯ ಘಾತದಂತೆ ಏರುತ್ತಿದ್ದು, ಆ ಪದರ ಪಕ್ಕದ ಪದರಕ್ಕಿಂತ ಬಹಳ ಹೆಚ್ಚು ವಾಹಕವಾಗಿದ್ದರೆ, ಪ್ರತಿ ಸುತ್ತಿನಲ್ಲಿ ತಪ್ಪು ಚಿಹ್ನೆ ಬದಲಿಸಿ ಸುಮಾರು 5 ಪಟ್ಟಾಗುತ್ತದೆ. ಹೊಸ ಉತ್ತರದ ಆರನೇ ಒಂದು ಭಾಗವನ್ನು ಮಾತ್ರ ಹಳೆಯದಕ್ಕೆ ಬೆರೆಸಿದರೆ ಅಲ್ಲಿ ಓಲಾಟ ನಿಲ್ಲುತ್ತದೆ, ಮೂರನೇ ಒಂದು ಭಾಗವನ್ನು ಮೀರಿದರೆ ಮತ್ತೆ ಹಿಗ್ಗುತ್ತದೆ. ಆದರೆ ಅದೇ ಆರನೇ ಒಂದು ಭಾಗ, ಕ್ಷೇತ್ರ ಕಡಿಮೆಯಿದ್ದು ವಾಹಕತೆ ಬದಲಾಗದ ಕಡೆಗಳಲ್ಲಿ, ತಪ್ಪನ್ನು ಪ್ರತಿ ಸುತ್ತಿಗೆ ಆರರಲ್ಲಿ ಐದು ಪಾಲಿಗಷ್ಟೇ ಇಳಿಸುತ್ತದೆ. ಸಾಲ್ವರಿನ (ಸಮೀಕರಣ ಬಿಡಿಸುವ ತಂತ್ರಾಂಶದ) ಗುಂಡಿಗಳನ್ನು ತಿರುಗಿಸುವ ಮೊದಲು, ಕ್ಷೇತ್ರಕ್ಕೆ ತಕ್ಕಂತೆ ವಸ್ತು ಹೇಗೆ ವಾಹಕವಾಗುತ್ತದೆಂಬ ವಕ್ರರೇಖೆಯನ್ನು ನೋಡಬೇಕೆಂದು ನಾನು ಒತ್ತಿ ಹೇಳುವುದು ಈ ಲೆಕ್ಕದ ಬಲದ ಮೇಲೆಯೇ.

ಆ ವಕ್ರರೇಖೆಯಲ್ಲಿ ನಾನು ನೋಡುವುದು ವಾಹಕತೆಯನ್ನಲ್ಲ, ಪ್ರವಾಹ ಸಾಂದ್ರತೆ ಕ್ಷೇತ್ರದೊಂದಿಗೆ ಏರುತ್ತಲೇ ಹೋಗುತ್ತದೆಯೇ ಎಂಬುದನ್ನು. ಏರುತ್ತಲೇ ಇದ್ದರೆ ಸಮಸ್ಯೆಗೆ ಒಂದೇ ಉತ್ತರವಿದೆ, ಕನ್ವರ್ಜ್ ಆಗದಿರುವುದು, ಅಂದರೆ ಉತ್ತರ ನೆಲೆ ನಿಲ್ಲದಿರುವುದು, ಲೆಕ್ಕದ ವಿಧಾನದ ದೋಷ. ಅಳತೆಯ ಏರುಪೇರಿನಿಂದ ಎಲ್ಲಾದರೂ ಒಂದು ಸಣ್ಣ ಇಳಿತ ಉಳಿದುಕೊಂಡಿದ್ದರೆ ಆ ಭರವಸೆ ಇರುವುದಿಲ್ಲ. ಆದ್ದರಿಂದ ಅಳತೆಯ ಬಿಂದುಗಳನ್ನು ವಾಹಕತೆಯ ಲಾಗರಿದಮ್ಮಿನಲ್ಲಿ, ಏರಿಕೆ ಕೆಡದಂಥ ನಯವಾದ ಘನರೇಖೆಯಿಂದ ಜೋಡಿಸಿದೆ. ನೇರ ಗೆರೆಗಳಿಂದ ಜೋಡಿಸಿದ ಕೋಷ್ಟಕದ ಮೂಲೆಗಳಲ್ಲಿ ಇಳಿಜಾರು ಥಟ್ಟನೆ ಜಿಗಿಯುವುದರಿಂದ ಇಳಿಜಾರನ್ನು ನೋಡಿ ಉತ್ತರದತ್ತ ಹೆಜ್ಜೆಯಿಡುವ ನ್ಯೂಟನ್ ವಿಧಾನ ಅಲ್ಲಿ ಎಡವುತ್ತದೆ.

ನ್ಯೂಟನ್ ವಿಧಾನಕ್ಕೆ ಬದಲಾದಾಗ ಜಾಕೋಬಿಯನ್ನಿಗೆ (ಆ ವಿಧಾನ ಬಳಸುವ ಇಳಿಜಾರುಗಳ ಮ್ಯಾಟ್ರಿಕ್ಸಿಗೆ) ವಾಹಕತೆಯೊಂದನ್ನೇ ಕೊಟ್ಟರೆ ಸಾಲದು. ಕ್ಷೇತ್ರದ ದಿಕ್ಕಿನಲ್ಲಿ ವಾಹಕತೆಯ ಇಳಿಜಾರಿನಿಂದ ಬರುವ ಹೆಚ್ಚುವರಿ ಪದವೂ ಬೇಕು, ಅಂದರೆ ಅದು ದಿಕ್ಕಿಗೆ ತಕ್ಕಂತೆ ಬೇರೆಯಾಗುವ ಟೆನ್ಸರ್. ಆ ಪದದಲ್ಲಿ ಕ್ಷೇತ್ರದ ಪರಿಮಾಣ ಛೇದದಲ್ಲಿ ಕೂರುತ್ತದೆ. ಎಲ್ಲೆಡೆ ಸೊನ್ನೆ ವೋಲ್ಟೇಜಿನಿಂದ ಶುರುಮಾಡಿದರೆ ಮೊದಲ ಹೆಜ್ಜೆಯಲ್ಲೇ ಸೊನ್ನೆಯಿಂದ ಭಾಗಿಸಿದಂತಾಗುತ್ತದೆ. ಕ್ಷೇತ್ರದ ವರ್ಗಕ್ಕೆ ಮೀಟರಿಗೆ 1 ವೋಲ್ಟಿನ ವರ್ಗವನ್ನು ಕೂಡಿಸಿ ವರ್ಗಮೂಲ ತೆಗೆದೆ. ನಿಜವಾದ ಕ್ಷೇತ್ರಗಳು ಮೀಟರಿಗೆ ಲಕ್ಷಾಂತರ ವೋಲ್ಟುಗಳಿರುವಾಗ ಇದು ಉತ್ತರವನ್ನು ಮುಟ್ಟುವುದಿಲ್ಲ. ಬಳಿಕ ವೋಲ್ಟೇಜನ್ನು ಪೂರ್ಣ ಬೆಲೆಯ ಹತ್ತನೇ ಒಂದು ಭಾಗದಿಂದ ಹಂತಹಂತವಾಗಿ ಏರಿಸಿ, ಪ್ರತಿ ಹಂತದ ಉತ್ತರವನ್ನು ಮುಂದಿನ ಹಂತದ ಆರಂಭವಾಗಿಸಿದೆ. ವಸ್ತು ವಾಹಕವಾಗತೊಡಗುವ ಕ್ಷೇತ್ರದ ಆಸುಪಾಸಿನಲ್ಲಿ ಹಂತಗಳನ್ನು ಚಿಕ್ಕದಾಗಿಸುವುದು ಅಗತ್ಯ, ಉಳಿದೆಡೆ ದೊಡ್ಡ ಹೆಜ್ಜೆಗಳೇ ಸಾಕು.

ಎಲೆಕ್ಟ್ರೋಡಿನ ಚೂಪು ಅಂಚುಗಳನ್ನು ತಯಾರಿಕೆಯಲ್ಲಿ ನಿಜಕ್ಕೂ ಇರುವಷ್ಟು ದುಂಡಾಗಿಸಿದೆ, ಇಲ್ಲವಾದರೆ ಮೆಶ್, ಅಂದರೆ ಲೆಕ್ಕದ ತುಂಡುಗಳ ಜಾಲ, ಸಣ್ಣದಾದಷ್ಟೂ ಅಲ್ಲಿನ ಕ್ಷೇತ್ರ ಏರುತ್ತಲೇ ಇರುತ್ತದೆ.

ಸಾಲ್ವರ್ ಕನ್ವರ್ಜ್ ಆಯಿತೆಂದು ಹೇಳಿದ ಮೇಲೂ ನಾನು ಒಂದು ಪರೀಕ್ಷೆ ಮಾಡುತ್ತೇನೆ. ಇನ್ಸುಲೇಷನ್ನಿನ ವಾಹಕತೆಗೂ ರಬ್ಬರ್ ಪದರದ ವಾಹಕತೆಗೂ ಹಲವು ಲಕ್ಷ ಪಟ್ಟು ಅಂತರವಿರುವಾಗ, ಒಂದೇ ಟಾಲರೆನ್ಸ್ (ಇಷ್ಟು ತಪ್ಪು ಉಳಿದರೂ ಸರಿ ಎಂಬ ಮಿತಿ) ಹೆಚ್ಚು ವಾಹಕವಾದ ಭಾಗವನ್ನಷ್ಟೇ ಲೆಕ್ಕಕ್ಕೆ ಹಿಡಿದು ಉಳಿದದ್ದನ್ನು ಕಡೆಗಣಿಸಬಹುದು. ಹಾಗಾಗಿ ಹೈವೋಲ್ಟೇಜ್ ಎಲೆಕ್ಟ್ರೋಡಿನಿಂದ ಹೊರಡುವ ಒಟ್ಟು ಪ್ರವಾಹವನ್ನೂ ಭೂಸಂಪರ್ಕಕ್ಕೆ ಸೇರುವ ಪ್ರವಾಹವನ್ನೂ ಬೇರೆ ಬೇರೆಯಾಗಿ ಲೆಕ್ಕಹಾಕಿ ಹೋಲಿಸುತ್ತೇನೆ. ಇವೆರಡೂ ತಾಳೆಯಾಗದಿದ್ದರೆ ಟಾಲರೆನ್ಸನ್ನು ಬಿಗಿಗೊಳಿಸಿ ಕೊನೆಯ ವೋಲ್ಟೇಜ್ ಹಂತವನ್ನು ಮತ್ತೆ ನಡೆಸುತ್ತೇನೆ.